ಮುಖ ಅದೇ, ಮನುಷ್ಯ ಬೇರೆ: ಜೀನ್ ಹ್ಯಾಕ್‌ಮನ್ ನಟನೆಯನ್ನು ನೋಡುವುದು ಹೇಗೆ?

ಪ್ರಶ್ನೆ: ನಾನು ಹವ್ಯಾಸಿ ನಾಟಕ ತಂಡವೊಂದರಲ್ಲಿ ಪಾತ್ರ ಮಾಡುತ್ತೇನೆ. ಅಮೆರಿಕದ ನಟ ಜೀನ್ ಹ್ಯಾಕ್‌ಮನ್ ಎಂಥ ಪಾತ್ರ ಕೊಟ್ಟರೂ ಸೈ ಅನ್ನಿಸಿಕೊಂಡವರು ಎಂದು ಓದಿ, ಅವರ ಮೂರು ಸಿನಿಮಾ ನೋಡಿದೆ: ‘ದಿ ಫ್ರೆಂಚ್ ಕನೆಕ್ಷನ್’, ‘ಸೂಪರ್‌ಮ್ಯಾನ್’, ‘ಅನ್‌ಫರ್ಗಿವನ್’. ನಟನೆ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಮೂರರಲ್ಲೂ ಅದೇ ಮುಖ, ಅದೇ ದನಿ, ಹೆಚ್ಚುಕಡಿಮೆ ಅದೇ ನಡಿಗೆ. ಬೇರೆ ನಟರು ಪಾತ್ರಕ್ಕಾಗಿ ತೂಕ ಇಳಿಸುತ್ತಾರೆ, ಗುರುತೇ ಸಿಗದ ಹಾಗೆ ಮೇಕಪ್ ಮಾಡಿಕೊಳ್ಳುತ್ತಾರೆ. ಇವರನ್ನು ಬಹುಮುಖ ನಟ ಅನ್ನುವುದು ಯಾಕೆ? ಇವರ ಕೆಲಸ ಅರ್ಥವಾಗಬೇಕಾದರೆ ಯಾವ ಸಿನಿಮಾದಿಂದ ಶುರು ಮಾಡಬೇಕು?

ಉತ್ತರ: ನೀವು ಗಮನಿಸಿದ್ದು ಸರಿ. ಹ್ಯಾಕ್‌ಮನ್ ವೇಷ ಬದಲಿಸಿ ಬೆರಗು ಹುಟ್ಟಿಸುವ ನಟರಲ್ಲ. 1964ರ ‘ಲಿಲಿತ್’ನಲ್ಲಿ ಚಿಕ್ಕ ಪಾತ್ರದಲ್ಲಿ ಕಂಡ ಮುಖವೇ ವಯಸ್ಸಾಗುತ್ತಾ 2004ರವರೆಗೂ ತೆರೆಯ ಮೇಲೆ ಇತ್ತು. ಅಗಲ ಹಣೆ, ದಪ್ಪ ಮೂಗು, ಕೂದಲು ಆಗಲೇ ಹಿಂದೆ ಸರಿದಿದೆ. ಪಕ್ಕದ ಬೀದಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡವರ ಹಾಗೆ ಇದ್ದಾರೆ. ಹೀರೋ ಮುಖ ಅಲ್ಲವೇ ಅಲ್ಲ.

ನೀವು ನೋಡಿದ ‘ಸೂಪರ್‌ಮ್ಯಾನ್’ ಚಿತ್ರದ್ದೇ ಒಂದು ಕಥೆ ಇದೆ. ಅದರಲ್ಲಿ ಹ್ಯಾಕ್‌ಮನ್ ಮಾಡಿದ್ದು ಖಳನಾಯಕ ಲೆಕ್ಸ್ ಲೂಥರ್ ಪಾತ್ರ. ಕಾಮಿಕ್ಸ್ ಪುಸ್ತಕಗಳಲ್ಲಿ ಅವನು ಬೋಳುತಲೆಯವನು. ಹ್ಯಾಕ್‌ಮನ್ ಮೀಸೆ ತೆಗೆಯುವುದಕ್ಕೂ ಒಪ್ಪಲಿಲ್ಲ. ನಿರ್ದೇಶಕ ರಿಚರ್ಡ್ ಡಾನರ್ ಒಂದು ಉಪಾಯ ಮಾಡಿದರು. ‘ನೀವು ಮೀಸೆ ಬೋಳಿಸಿ, ನಾನೂ ನನ್ನದನ್ನು ಬೋಳಿಸುತ್ತೇನೆ’ ಅಂದರು. ಹ್ಯಾಕ್‌ಮನ್ ಬೋಳಿಸಿಕೊಂಡರು. ಡಾನರ್ ತಮ್ಮ ಮೀಸೆಯನ್ನು ಕಿತ್ತು ಕೈಯಲ್ಲಿ ಹಿಡಿದರು. ಅದು ಅಂಟಿಸಿಕೊಂಡ ಮೀಸೆ! ಬೋಳುತಲೆಗೆ ಮಾತ್ರ ಹ್ಯಾಕ್‌ಮನ್ ಪೂರ್ತಿ ಮಣಿಯಲಿಲ್ಲ. ಸಿನಿಮಾ ಉದ್ದಕ್ಕೂ ಲೂಥರ್ ಬೇರೆ ಬೇರೆ ವಿಗ್ ಹಾಕಿಕೊಂಡಿರುತ್ತಾನೆ, ತಲೆ ಕಾಣುವುದು ಕೊನೆಯಲ್ಲಿ ಒಂದೇ ಸಲ.

ಪರಕಾಯ ಪ್ರವೇಶ ಅಂದ ತಕ್ಷಣ ನಾವು ದೇಹದ ಕಡೆಗೇ ನೋಡುತ್ತೇವೆ. ತೂಕ ಎಷ್ಟು ಇಳಿಯಿತು, ಹಲ್ಲು ಹೇಗೆ ಬದಲಾಯಿತು, ಕುಂಟುವುದು ಎಷ್ಟು ಸಹಜವಾಗಿ ಬಂತು. ಅದೂ ದೊಡ್ಡ ಕೆಲಸವೇ, ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಹ್ಯಾಕ್‌ಮನ್ ಹಿಡಿದ ದಾರಿ ಬೇರೆ. ಅವರ ಪಾತ್ರ ಇರುವುದು ಎದುರಿಗಿರುವ ಮನುಷ್ಯನ ಜೊತೆ ಅವರು ನಡೆದುಕೊಳ್ಳುವ ರೀತಿಯಲ್ಲಿ. ಎಷ್ಟು ಹತ್ತಿರ ನಿಲ್ಲುತ್ತಾರೆ, ಮೊದಲು ಯಾರು ಕಣ್ಣು ತಪ್ಪಿಸುತ್ತಾರೆ, ಮುಟ್ಟುತ್ತಾರಾ, ಮುಟ್ಟಿದರೆ ಯಾಕೆ, ಎದುರಿನವನು ಮಾತಾಡುವಾಗ ಕೇಳಿಸಿಕೊಳ್ಳುತ್ತಾರಾ ಇಲ್ಲವಾ. ಇಷ್ಟು ಬದಲಾದರೆ ಸಾಕು, ಅದೇ ಮುಖದ ಒಳಗಿಂದ ಇನ್ನೊಬ್ಬ ಮನುಷ್ಯ ಎದ್ದು ಬರುತ್ತಾನೆ. ನೀವು ಮುಖ ನೋಡುತ್ತಾ ಕೂತಿರಿ, ಅದಕ್ಕೇ ಮೂವರೂ ಒಬ್ಬರೇ ಅನ್ನಿಸಿತು.

ಈ ಗಮನ ಅವರಿಗೆ ಎಲ್ಲಿಂದ ಬಂತು ಅನ್ನುವುದಕ್ಕೆ ಅವರೇ ಕೊಟ್ಟ ಕಾರಣ ಒಂದಿದೆ. ಹುಟ್ಟಿದ್ದು 1930ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಬೆಳೆದದ್ದು ಇಲಿನಾಯ್ ರಾಜ್ಯದ ಡ್ಯಾನ್‌ವಿಲ್ ಊರಲ್ಲಿ. 13ನೇ ವಯಸ್ಸಿನಲ್ಲಿ ಒಂದು ದಿನ ಬೀದಿಯಲ್ಲಿ ಆಟ ಆಡುತ್ತಿದ್ದರು. ಅಪ್ಪ ಕಾರಿನಲ್ಲಿ ಹೋಗುತ್ತಾ ಮಗನಿಗೆ ಒಂದು ಸಲ ಕೈ ಬೀಸಿದರು. ನಿಲ್ಲಿಸಲಿಲ್ಲ, ಮಾತಾಡಲಿಲ್ಲ. ಮನೆ ಬಿಟ್ಟು ಹೋಗುತ್ತಿದ್ದರು. ಆ ಕೈ ಬೀಸಿದ್ದರಲ್ಲೇ ಎಲ್ಲ ಇತ್ತು. ಒಂದು ಸಣ್ಣ ಸನ್ನೆ ಎಷ್ಟೆಲ್ಲ ಹೇಳಬಲ್ಲದು ಅಂತ ತಿಳಿದದ್ದು ಅವತ್ತು, ಬಹುಶಃ ಅದಕ್ಕೇ ನಟನಾದೆನೇನೋ ಎಂಬರ್ಥದ ಮಾತನ್ನು ವಯಸ್ಸಾದ ಮೇಲೆ ಸಂದರ್ಶನದಲ್ಲಿ ಹೇಳಿದ್ದರು. ಅವರ ಯಾವುದೇ ಒಳ್ಳೆಯ ದೃಶ್ಯ ನೋಡಿದರೂ ಈ ಮಾತು ನೆನಪಾಗುತ್ತದೆ.

16ಕ್ಕೆ ವಯಸ್ಸು ಸುಳ್ಳು ಹೇಳಿ ಮರೀನ್ ಪಡೆ ಸೇರಿದರು. ರೇಡಿಯೋ ಆಪರೇಟರ್ ಆಗಿ ಚೀನಾದಲ್ಲೂ ಇದ್ದರು. ವಾಪಸ್ ಬಂದು, ಅದೂ ಇದೂ ಮಾಡಿ, ಪ್ಯಾಸಡೀನಾ ಪ್ಲೇಹೌಸ್ ಎಂಬ ನಾಟಕ ಶಾಲೆ ಸೇರುವ ಹೊತ್ತಿಗೆ ಜೊತೆಯವರಿಗಿಂತ ದೊಡ್ಡವರಾಗಿಬಿಟ್ಟಿದ್ದರು. ಅಲ್ಲಿ ಸಿಕ್ಕ ಗೆಳೆಯ ಡಸ್ಟಿನ್ ಹಾಫ್‌ಮನ್. ‘ಇವರಿಬ್ಬರು ಮುಂದೆ ಬರುವುದು ಕಷ್ಟ’ ಅಂತ ಸಹಪಾಠಿಗಳು ವೋಟು ಹಾಕಿ ತೀರ್ಮಾನಿಸಿದ್ದರು. ಆಮೇಲೆ ನ್ಯೂಯಾರ್ಕ್. ಹೋಟೆಲ್ ಬಾಗಿಲಲ್ಲಿ ಯೂನಿಫಾರ್ಮ್ ಹಾಕಿಕೊಂಡು ನಿಲ್ಲುವ ಕೆಲಸ, ಪೀಠೋಪಕರಣ ಹೊರುವ ಕೆಲಸ, ಸಂಜೆ ನಟನೆ ಕಲಿಯುವುದು. ಊರಿಗೆ ಹೊಸದಾಗಿ ಬಂದ ಹಾಫ್‌ಮನ್ ಇವರ ಪುಟ್ಟ ಮನೆಯ ಅಡುಗೆಕೋಣೆಯ ನೆಲದ ಮೇಲೆ ಮಲಗುತ್ತಿದ್ದರು. ರಾಬರ್ಟ್ ಡ್ಯುವಾಲ್ ಕೂಡ ಅದೇ ಗುಂಪು. ಮೂವರೂ ಮುಂದೆ ಆಸ್ಕರ್ ಗೆದ್ದರು.

ಗುರುತು ಸಿಕ್ಕಿದ್ದು 37ಕ್ಕೆ. 1967ರಲ್ಲಿ ‘ದಿ ಗ್ರ್ಯಾಜುಯೇಟ್’ ಚಿತ್ರಕ್ಕೆ ಆಯ್ಕೆಯಾಗಿ, ರಿಹರ್ಸಲ್ ನಡೆಯುವಾಗಲೇ ಕೆಲಸ ಕಳೆದುಕೊಂಡರು. ಆ ಪಾತ್ರಕ್ಕೆ ಅವರ ವಯಸ್ಸು ಸಾಲದು ಅಂತ ನಿರ್ದೇಶಕ ಮೈಕ್ ನಿಕೋಲ್ಸ್‌ಗೆ ಅನ್ನಿಸಿತು. ಅದೇ ವರ್ಷ ‘ಬಾನಿ ಅಂಡ್ ಕ್ಲೈಡ್’ ಬಿಡುಗಡೆಯಾಗಿ, ಹೀರೋನ ಅಣ್ಣ ಬಕ್ ಪಾತ್ರಕ್ಕೆ ಮೊದಲ ಆಸ್ಕರ್ ನಾಮನಿರ್ದೇಶನ ಬಂತು. ಅದರಲ್ಲಿ ಅಣ್ಣ ತಮ್ಮ ಬಹಳ ದಿನದ ಮೇಲೆ ಸೇರುತ್ತಾರೆ. ತಬ್ಬಿಕೊಳ್ಳುತ್ತಾರೆ, ಗುದ್ದಾಡುತ್ತಾರೆ, ಜೋರಾಗಿ ನಗುತ್ತಾರೆ. ಆಮೇಲೆ ಮಾತು ಮುಗಿದುಹೋಗುತ್ತದೆ. ಇಬ್ಬರಿಗೂ ಮುಂದೇನು ಅಂತ ಗೊತ್ತಿಲ್ಲ. ಬಕ್ ಆ ಖಾಲಿ ಜಾಗ ತುಂಬಲು ಒದ್ದಾಡುವುದನ್ನು ನೋಡಿ. ಪ್ರೀತಿ ಬೇಕಾದಷ್ಟಿದೆ, ಆಡುವುದಕ್ಕೆ ಮಾತಿಲ್ಲ.

ಇನ್ನು ನೀವು ನೋಡಿರುವ ‘ದಿ ಫ್ರೆಂಚ್ ಕನೆಕ್ಷನ್’ಗೆ ಬರೋಣ. 1971ರ ಚಿತ್ರ, ವಿಲಿಯಂ ಫ್ರೀಡ್ಕಿನ್ ನಿರ್ದೇಶನ. ಹ್ಯಾಕ್‌ಮನ್ ಅದಕ್ಕೆ ಮೊದಲ ಆಯ್ಕೆ ಆಗಿರಲಿಲ್ಲ. ಪಾಪಾಯ್ ಡಾಯ್ಲ್ ಪಾತ್ರಕ್ಕೆ ಆಧಾರ ಎಡ್ಡಿ ಈಗನ್ ಎಂಬ ನಿಜವಾದ ನ್ಯೂಯಾರ್ಕ್ ಪೊಲೀಸ್. ಶೂಟಿಂಗ್‌ಗೆ ಮೊದಲು ಹ್ಯಾಕ್‌ಮನ್ ಅವರ ಜೊತೆ ಗಸ್ತು ತಿರುಗಿದರು. ಆ ಮನುಷ್ಯನ ಜನಾಂಗದ್ವೇಷದ ಬಾಯಿ, ಹೊಡೆಯುವ ಚಾಳಿ ಅವರಿಗೆ ಹಿಡಿಸಲಿಲ್ಲ. ಶಂಕಿತನ ಕೆನ್ನೆಗೆ ಹೊಡೆಯುವ ದೃಶ್ಯ ಮಾಡಲಾಗದೆ, ಚಿತ್ರವನ್ನೇ ಬಿಟ್ಟುಬಿಡುವ ಯೋಚನೆ ಮಾಡಿದ್ದರು. ಫ್ರೀಡ್ಕಿನ್ ಬಿಡಲಿಲ್ಲ. ಬೇಕಂತಲೇ ಕೆಣಕಿ ಕೆಣಕಿ ಸಿಟ್ಟು ಬರಿಸಿ ಕೆಲಸ ತೆಗೆಸಿದರು.

ಎಲ್ಲರೂ ಹೊಗಳುವುದು ಮೇಲುಸೇತುವೆಯ ರೈಲಿನ ಹಿಂದೆ ಕಾರು ಓಡಿಸುವ ದೃಶ್ಯವನ್ನು. ನಾನು ನೋಡಿ ಅನ್ನುವುದು ಬೇರೆ. ಕಳ್ಳಸಾಗಣೆಯ ಫ್ರೆಂಚ್ ಸಾಹುಕಾರ ಬೆಚ್ಚಗಿನ ರೆಸ್ಟೋರೆಂಟಿನಲ್ಲಿ ನಿಧಾನವಾಗಿ ಊಟ ಮಾಡುತ್ತಿದ್ದಾನೆ. ಡಾಯ್ಲ್ ಎದುರು ಫುಟ್‌ಪಾತಿನಲ್ಲಿ ಚಳಿಯಲ್ಲಿ ನಿಂತು ಕಾಯುತ್ತಿದ್ದಾನೆ. ಕೈಯಲ್ಲಿ ಪಿಜ್ಜಾ ತುಂಡು, ಪೇಪರ್ ಲೋಟದಲ್ಲಿ ಕಾಫಿ. ಕಾಫಿ ಕುಡಿಯಲಾಗದೆ ನೆಲಕ್ಕೆ ಚೆಲ್ಲುತ್ತಾನೆ. ಒಂದು ಮಾತಿಲ್ಲ. ಆ ಕಣ್ಣು ಮಾತ್ರ ಗಾಜಿನ ಆಚೆಗೇ ನೆಟ್ಟಿದೆ. ಡಾಯ್ಲ್ ಸ್ವಭಾವವೇ ಅದು. ಅವನಿಗೆ ಎದುರಿಗಿರುವವರೆಲ್ಲ ಬೇಟೆ. ಯಾರ ಮಾತನ್ನೂ ಪೂರ್ತಿ ಕೇಳುವುದಿಲ್ಲ, ಯಾರಿಗೂ ಜಾಗ ಬಿಡುವುದಿಲ್ಲ, ಎದೆಗೆ ಎದೆ ತಾಗಿಸಿಯೇ ನಿಲ್ಲುತ್ತಾನೆ. ಚಿತ್ರಕ್ಕೆ ಐದು ಆಸ್ಕರ್ ಬಂತು, ಅದರಲ್ಲೊಂದು ಹ್ಯಾಕ್‌ಮನ್ ಅವರದ್ದು.

ಈಗ ಇದರ ಪಕ್ಕ 1974ರ ‘ದಿ ಕಾನ್ವರ್ಸೇಷನ್’ ಇಟ್ಟು ನೋಡಿ. ನಡುವೆ ಮೂರೇ ವರ್ಷದ ಅಂತರ. ನಿಮ್ಮ ಪ್ರಶ್ನೆಗೆ ಒಂದೇ ಸಿನಿಮಾದಲ್ಲಿ ಉತ್ತರ ಕೊಡು ಅಂದರೆ ನಾನು ಇದನ್ನೇ ಕೊಡುತ್ತೇನೆ.

ಫ್ರಾನ್ಸಿಸ್ ಫೋರ್ಡ್ ಕಪೋಲಾ ನಿರ್ದೇಶಿಸಿದ ಚಿತ್ರ. ಹ್ಯಾರಿ ಕಾಲ್ ಎಂಬವನು ಬೇರೆಯವರ ಮಾತನ್ನು ಕದ್ದು ರೆಕಾರ್ಡ್ ಮಾಡಿಕೊಡುವ ಕಸುಬಿನವನು. ಆ ಕೆಲಸದಲ್ಲಿ ಅವನನ್ನು ಮೀರಿಸಿದವರಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಯೂನಿಯನ್ ಸ್ಕ್ವೇರ್‌ನಲ್ಲಿ, ಮಧ್ಯಾಹ್ನದ ಜನಜಂಗುಳಿಯಲ್ಲಿ, ಸುತ್ತುತ್ತಾ ಮಾತಾಡುತ್ತಿರುವ ಒಂದು ಜೋಡಿಯ ಮಾತನ್ನು ಅವನ ತಂಡ ಹಿಡಿಯುತ್ತದೆ. ಆ ಟೇಪನ್ನು ಮತ್ತೆ ಮತ್ತೆ ಕೇಳುತ್ತಾ ಅವನಿಗೆ ಭಯ ಹುಟ್ಟುತ್ತದೆ. ಕಥೆ ಇಷ್ಟೇ ಹೇಳುತ್ತೇನೆ. ಮುಂದಿನದು ನೀವೇ ನೋಡಬೇಕು.

ಡಾಯ್ಲ್ ಎಲ್ಲರ ಮೈಮೇಲೆ ಬೀಳುವವನಾದರೆ ಹ್ಯಾರಿ ಎಲ್ಲರಿಂದ ಒಂದು ಹೆಜ್ಜೆ ಹಿಂದೆ. ಮಳೆ ಇಲ್ಲದಿದ್ದರೂ ಪಾರದರ್ಶಕ ರೇನ್‌ಕೋಟ್ ಹಾಕಿಕೊಂಡೇ ಇರುತ್ತಾನೆ. ಮನೆ ಬಾಗಿಲಿಗೆ ಒಂದರ ಮೇಲೊಂದು ಬೀಗ. ಹುಟ್ಟುಹಬ್ಬ ಅಂತ ಮನೆ ಓನರಮ್ಮ ಒಳಗೆ ಉಡುಗೊರೆ ಇಟ್ಟು ಹೋಗಿದ್ದಾರೆ. ಹ್ಯಾರಿಗೆ ಖುಷಿ ಆಗುವುದಿಲ್ಲ. ಅವರಿಗೆ ಫೋನ್ ಮಾಡಿ, ಬೀಗ ಹಾಕಿದ ಮನೆಯೊಳಗೆ ಹೇಗೆ ಬಂದಿರಿ ಅಂತ ವಿಚಾರಿಸುತ್ತಾನೆ. ದನಿ ಏರುವುದಿಲ್ಲ, ಸಭ್ಯವಾಗಿಯೇ ಮಾತಾಡುತ್ತಾನೆ. ಆ ಸಭ್ಯತೆಯ ಕೆಳಗೆ ಎಷ್ಟು ಗಾಬರಿ ಇದೆ ಅನ್ನುವುದು ನಮಗೆ ಕಾಣುತ್ತದೆ. ಮನೆಯಲ್ಲಿ ಅವನಿಗೆ ಇರುವ ಒಂದೇ ಸುಖ ಎಂದರೆ ಜಾಸ್ ರೆಕಾರ್ಡ್ ಹಾಕಿ ಅದರ ಜೊತೆ ಸ್ಯಾಕ್ಸೋಫೋನ್ ನುಡಿಸುವುದು. ಅದೂ ಒಬ್ಬನೇ.

ನಡುವೆ ಒಂದು ಪಾರ್ಟಿ ಬರುತ್ತದೆ. ಅವನದೇ ಕಸುಬಿನ ಪ್ರತಿಸ್ಪರ್ಧಿಯೊಬ್ಬ ಬಂದು ಸುಮ್ನೆ ಹ್ಯಾರಿಯ ಜೇಬಿಗೆ ಒಂದು ಪೆನ್ನು ಸಿಕ್ಕಿಸುತ್ತಾನೆ. ಹ್ಯಾರಿ ಆಮೇಲೆ ಒಬ್ಬ ಹೆಂಗಸಿನ ಹತ್ತಿರ, ಅಪರೂಪಕ್ಕೆ, ಮನಸ್ಸು ಬಿಚ್ಚಿ ಎರಡು ಮಾತಾಡುತ್ತಾನೆ. ಸ್ವಲ್ಪ ಹೊತ್ತಿಗೆ ಆ ಮಾತೆಲ್ಲ ಎಲ್ಲರ ಮುಂದೆ ಟೇಪಿನಲ್ಲಿ ಕೇಳುತ್ತದೆ. ಪೆನ್ನಿನೊಳಗೆ ಮೈಕ್ ಇತ್ತು. ಜೊತೆಯವರಿಗೆ ಅದು ತಮಾಷೆ. ಹ್ಯಾಕ್‌ಮನ್ ಇಲ್ಲಿ ಕಿರುಚುತ್ತಾ ಶುರು ಮಾಡುವುದಿಲ್ಲ. ಮೊದಲು ಏನು ನಡೆಯುತ್ತಿದೆ ಅಂತ ಅರ್ಥವಾಗದವನ ಮುಖ. ಆಮೇಲೆ ಅರ್ಥವಾದವನ ಮುಖ. ಸಿಟ್ಟು ಬರುವುದು ಆಮೇಲೆ. ಈ ಕ್ರಮವನ್ನು ಗಮನಿಸಿ. ವೇದಿಕೆಯಲ್ಲಿ ನಾವು ಬಹಳ ಸಲ ಸಿಟ್ಟಿಗೆ ನೇರವಾಗಿ ಹಾರಿಬಿಡುತ್ತೇವೆ, ಯಾಕೆಂದರೆ ಮುಂದಿನ ಸಾಲು ನಮಗೆ ಗೊತ್ತಿದೆ. ಪಾತ್ರಕ್ಕೆ ಗೊತ್ತಿಲ್ಲ ಅನ್ನುವುದು ಮರೆತುಹೋಗಿರುತ್ತದೆ.

ಕಾನ್ ಚಿತ್ರೋತ್ಸವದ ಅತಿ ದೊಡ್ಡ ಪ್ರಶಸ್ತಿ ಈ ಚಿತ್ರಕ್ಕೆ ಬಂತು. ಆಸ್ಕರ್‌ನಲ್ಲಿ ಹ್ಯಾಕ್‌ಮನ್‌ಗೆ ನಾಮನಿರ್ದೇಶನ ಕೂಡ ಸಿಗಲಿಲ್ಲ. ಜೀವಮಾನದಲ್ಲಿ ಐದು ಸಲ ನಾಮನಿರ್ದೇಶನ ಬಂದ ನಟನ ಅತ್ಯುತ್ತಮ ಕೆಲಸ ಆ ಐದರಲ್ಲಿ ಇಲ್ಲ. ನನಗೆ ಇವತ್ತಿಗೂ ಇದು ಅನ್ಯಾಯ ಅನ್ನಿಸುತ್ತದೆ. 1998ರ ‘ಎನಿಮಿ ಆಫ್ ದಿ ಸ್ಟೇಟ್’ನಲ್ಲಿ ಅವರು ಮತ್ತೆ ಇಂಥದೇ ಕಸುಬಿನವನ ಪಾತ್ರ ಮಾಡಿದರು. ಅದರಲ್ಲಿ ಪಾತ್ರದ ಹಳೆಯ ಫೋಟೋ ಅಂತ ತೋರಿಸುವುದು ಹ್ಯಾರಿ ಕಾಲ್‌ನ ಫೋಟೋವನ್ನೇ.

ಅದೇ 1974ರ ಕೊನೆಯಲ್ಲಿ ‘ಯಂಗ್ ಫ್ರಾಂಕೆನ್‌ಸ್ಟೈನ್’ ಬಂತು. ಇಲ್ಲಿ ಮಾತ್ರ ಹ್ಯಾಕ್‌ಮನ್ ಉದ್ದ ಗಡ್ಡದ ಕುರುಡ ಸನ್ಯಾಸಿ. ಟೆನಿಸ್ ಆಡುವ ಗೆಳೆಯ ಜೀನ್ ವೈಲ್ಡರ್ ಮೂಲಕ ಕೇಳಿ ಪಡೆದ ಚಿಕ್ಕ ಪಾತ್ರ. ಒಂಟಿಯಾಗಿ ಬದುಕುವವನ ಮನೆಗೆ ಕೊನೆಗೂ ಒಬ್ಬ ಅತಿಥಿ ಬಂದಿದ್ದಾನೆ, ಅದು ರಾಕ್ಷಸ ಅಂತ ಅವನಿಗೆ ಗೊತ್ತಿಲ್ಲ. ಪ್ರೀತಿಯಿಂದ ಸೂಪ್ ಬಡಿಸಲು ಹೋಗಿ ಅತಿಥಿಯ ತೊಡೆ ಮೇಲೆ ಸುರಿಯುತ್ತಾನೆ. ಸಿಗಾರ್ ಹಚ್ಚಲು ಹೋಗಿ ಅವನ ಹೆಬ್ಬೆರಳಿಗೇ ಬೆಂಕಿ ಇಡುತ್ತಾನೆ. ಹ್ಯಾಕ್‌ಮನ್ ಎಲ್ಲೂ ನಗಿಸಲು ಪ್ರಯತ್ನ ಪಡುವುದಿಲ್ಲ. ಆತಿಥ್ಯ ಮಾಡುವ ಆಸೆ ನಿಜ, ಅದಕ್ಕೇ ನಗು ಬರುತ್ತದೆ. ಡಾಯ್ಲ್, ಹ್ಯಾರಿ, ಈ ಸನ್ಯಾಸಿ: ನಾಲ್ಕು ವರ್ಷದೊಳಗೆ ಒಬ್ಬನೇ ನಟ.

ಆಮೇಲಿನ ಕೆಲವು ವರ್ಷ ಬೇಗ ದಾಟೋಣ. ದುಡ್ಡಿಗಾಗಿ ಒಪ್ಪಿಕೊಂಡ ಚಿತ್ರಗಳಿದ್ದವು ಅಂತ ಅವರೇ ಮುಚ್ಚುಮರೆ ಇಲ್ಲದೆ ಹೇಳುತ್ತಿದ್ದರು. ಒಂದಷ್ಟು ಕಾಲ ನಟನೆಯಿಂದ ದೂರವೂ ಇದ್ದರು. 1986ರ ‘ಹೂಸಿಯರ್ಸ್’ ಮಾತ್ರ ಬಿಡಬೇಡಿ. ಇಂಡಿಯಾನಾ ರಾಜ್ಯದ ಸಣ್ಣ ಊರಿನ ಶಾಲೆಗೆ ಬರುವ ಬ್ಯಾಸ್ಕೆಟ್‌ಬಾಲ್ ಕೋಚ್. ಫೈನಲ್‌ಗೆ ಹೋದಾಗ ಆ ಭಾರಿ ಕ್ರೀಡಾಂಗಣ ನೋಡಿ ಹುಡುಗರು ಬೆದರುತ್ತಾರೆ. ಕೋಚ್ ಭಾಷಣ ಬಿಗಿಯುವುದಿಲ್ಲ. ಟೇಪು ತೆಗೆದು ಅಂಕಣ ಅಳೆಸುತ್ತಾನೆ. ಬುಟ್ಟಿಯ ಎತ್ತರ ಹತ್ತು ಅಡಿ. ನಮ್ಮೂರಿನಲ್ಲೂ ಇಷ್ಟೇ, ಅಲ್ವಾ?

1988ರ ‘ಮಿಸಿಸಿಪಿ ಬರ್ನಿಂಗ್’ ಬಗ್ಗೆ ನನಗೆ ಎರಡು ಮನಸ್ಸು. 1964ರಲ್ಲಿ ಮೂವರು ನಾಗರಿಕ ಹಕ್ಕು ಕಾರ್ಯಕರ್ತರನ್ನು ಕೊಂದ ಘಟನೆ ಅದರ ಆಧಾರ. ಕಪ್ಪು ಜನರ ಹೋರಾಟವನ್ನು ಹಿಂದೆ ತಳ್ಳಿ ಬಿಳಿಯ ಎಫ್‌ಬಿಐ ಅಧಿಕಾರಿಗಳನ್ನು ನಾಯಕರನ್ನಾಗಿ ಮಾಡಿದೆ ಎಂಬ ಟೀಕೆ ಬಂತು. ಟೀಕೆ ಸರಿಯಾಗಿಯೇ ಇದೆ. ಹಾಗಿದ್ದರೂ ಹ್ಯಾಕ್‌ಮನ್ ಕೆಲಸ ನೋಡಲೇಬೇಕು, ಅದರಲ್ಲೂ ಫ್ರಾನ್ಸಿಸ್ ಮ್ಯಾಕ್‌ಡಾರ್ಮಂಡ್ ಜೊತೆಗಿನ ದೃಶ್ಯಗಳು. ಒರಟು ಮನುಷ್ಯ ಒಬ್ಬ ಹೆಂಗಸಿನ ಎದುರು ದನಿ ತಗ್ಗಿಸಿ, ಅವಳು ಮಾತಾಡಲಿ ಅಂತ ಕಾಯುತ್ತಾನೆ.

‘ಅನ್‌ಫರ್ಗಿವನ್’ ನೀವು ನೋಡಿದ್ದೀರಿ. ಹಿಂಸೆ ಜಾಸ್ತಿ ಅಂತ ಹ್ಯಾಕ್‌ಮನ್ ಮೊದಲು ಒಪ್ಪಿರಲಿಲ್ಲ, ಕ್ಲಿಂಟ್ ಈಸ್ಟ್‌ವುಡ್ ಮನವೊಲಿಸಿ ಕರೆತಂದರು. 1992ರ ಆ ಚಿತ್ರಕ್ಕೆ ಅವರ ಎರಡನೇ ಆಸ್ಕರ್. ಅವರ ಪಾತ್ರ ಲಿಟಲ್ ಬಿಲ್ ಎಂಬ ಶೆರಿಫ್. ಇವನೂ ಡಾಯ್ಲ್ ಹಾಗೆ ಹೊಡೆಯುವ ಪೊಲೀಸನೇ. ಹಾಗಾದರೆ ವ್ಯತ್ಯಾಸ ಎಲ್ಲಿದೆ? ಮಳೆ ಬರುವಾಗಿನ ದೃಶ್ಯ ಮತ್ತೆ ಹಾಕಿ ನೋಡಿ. ಬಿಲ್ ತಾನೇ ಕಟ್ಟಿಕೊಂಡ ಮನೆಯಲ್ಲಿ ಕೂತು, ಪಶ್ಚಿಮದ ಸಾಹಸಗಳ ಬಗ್ಗೆ ಬರೆಯುವ ಲೇಖಕನಿಗೆ ಕಥೆ ಹೇಳುತ್ತಿದ್ದಾನೆ. ಬಡಗಿ ಕೆಲಸ ಅವನಿಗೆ ಬರುವುದಿಲ್ಲ. ಸೂರು ಸೋರುತ್ತಿದೆ, ಅಲ್ಲಲ್ಲಿ ಪಾತ್ರೆ ಇಟ್ಟಿದ್ದಾನೆ. ಲೇಖಕ ತಮಾಷೆಗೆ, ಈ ಬಡಗಿಯನ್ನು ಗಲ್ಲಿಗೆ ಹಾಕಬೇಕು ಎಂಬಂತೆ ಏನೋ ಹೇಳುತ್ತಾನೆ. ಬಿಲ್ ಸುಮ್ಮನೆ ನೋಡುತ್ತಾನೆ. ಅಷ್ಟೇ. ಅಲ್ಲಿಯವರೆಗೆ ಬೆಚ್ಚಗಿದ್ದ ಕೋಣೆ ತಣ್ಣಗಾಗುತ್ತದೆ.

ಡಾಯ್ಲ್‌ಗೆ ಎದುರಿನವನು ಬೇಟೆ. ಬಿಲ್‌ಗೆ ಎದುರಿನವನು ಪ್ರೇಕ್ಷಕ. ತನ್ನ ಕಥೆ ಕೇಳಬೇಕು, ತನ್ನನ್ನು ಒಳ್ಳೆಯವನು ಅನ್ನಬೇಕು. ಅದಕ್ಕೇ ಅವನು ನಗುತ್ತಾನೆ, ಕುರ್ಚಿ ಎಳೆದು ಹತ್ತಿರ ಕೂರುತ್ತಾನೆ, ಸ್ನೇಹಿತನ ಹಾಗೆ ಮಾತಾಡುತ್ತಾನೆ. ಡಾಯ್ಲ್ ಹೊಡೆಯುತ್ತಾನೆ ಅಂತ ಮೊದಲೇ ಗೊತ್ತಾಗುತ್ತದೆ. ಬಿಲ್ ವಿಷಯದಲ್ಲಿ ಗೊತ್ತಾಗುವುದಿಲ್ಲ. ಸಾಯುವ ಹೊತ್ತಿನಲ್ಲೂ, ನಾನು ಮನೆ ಕಟ್ಟುತ್ತಿದ್ದೆನಲ್ಲ, ನನಗೆ ಇಂಥ ಸಾವು ಯಾಕೆ ಅನ್ನುವುದೇ ಅವನ ದೂರು. ತಾನು ಕೆಟ್ಟವನು ಅಂತ ಅವನಿಗೆ ಕೊನೆಯವರೆಗೂ ಹೊಳೆಯುವುದೇ ಇಲ್ಲ. ಖಳ ಪಾತ್ರ ಮಾಡುವವರು ಇದನ್ನು ಹತ್ತು ಸಲ ನೋಡಬೇಕು.

ಹಾಸ್ಯಕ್ಕೆ ಬಂದರೆ, 1996ರ ‘ದಿ ಬರ್ಡ್‌ಕೇಜ್’ನಲ್ಲಿ ಅವರು ಮಡಿವಂತ ರಾಜಕಾರಣಿ. ಕೊನೆಗೆ ಹೆಣ್ಣುವೇಷ ಹಾಕಿಕೊಂಡು ಕ್ಲಬ್ಬಿನಿಂದ ತಪ್ಪಿಸಿಕೊಳ್ಳಬೇಕಾಗುತ್ತದೆ. ನಿರ್ದೇಶಕರು ಯಾರು ಗೊತ್ತಾ? 1967ರಲ್ಲಿ ಅವರನ್ನು ಕೆಲಸದಿಂದ ತೆಗೆದ ಅದೇ ಮೈಕ್ ನಿಕೋಲ್ಸ್. 1990ರಲ್ಲೂ ಒಂದು ಚಿತ್ರಕ್ಕೆ ಕರೆದಿದ್ದರು. ಇಬ್ಬರೂ ಹಳೆಯದನ್ನು ಹಿಡಿದು ಕೂರಲಿಲ್ಲ ಅನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ.

2001ರ ‘ದಿ ರಾಯಲ್ ಟೆನೆನ್‌ಬಾಮ್ಸ್’ ಪಾತ್ರವನ್ನು ವೆಸ್ ಆಂಡರ್ಸನ್ ಹ್ಯಾಕ್‌ಮನ್ ಅವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದರು. ಹ್ಯಾಕ್‌ಮನ್‌ಗೆ ಒಪ್ಪಲು ಮನಸ್ಸಿರಲಿಲ್ಲ, ಸೆಟ್ಟಿನಲ್ಲೂ ಮುನಿಸಿತ್ತು. ಹೆಂಡತಿ ಮಕ್ಕಳನ್ನು ಬಿಟ್ಟುಹೋದ ಅಪ್ಪ, ಹೊಟ್ಟೆ ಕ್ಯಾನ್ಸರ್ ಅಂತ ಸುಳ್ಳು ಹೇಳಿ ಮನೆಗೆ ವಾಪಸ್ ಬರುತ್ತಾನೆ. ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ ಅಂಗಡಿಯಲ್ಲಿ ಕದಿಯುವುದು ಕಲಿಸುತ್ತಾನೆ, ಕಸದ ಲಾರಿಯ ಹಿಂದೆ ನೇತಾಡಿಸುತ್ತಾನೆ. ಕೊನೆಯ ಹತ್ತಿರ ಹಿರಿಮಗ, ಹೆಂಡತಿ ಸತ್ತ ದುಃಖವನ್ನು ಒಳಗೇ ಇಟ್ಟುಕೊಂಡವನು, ಈ ವರ್ಷ ತುಂಬಾ ಕಷ್ಟವಾಯಿತಪ್ಪಾ ಅನ್ನುತ್ತಾನೆ. ಅಪ್ಪ ‘ನನಗೆ ಗೊತ್ತು’ ಅಂದು, ಮಗನನ್ನು ಚಿಕ್ಕಂದಿನ ಮುದ್ದಿನ ಹೆಸರಿನಿಂದ ಕರೆಯುತ್ತಾನೆ. ಉಪದೇಶವಿಲ್ಲ, ಕಣ್ಣೀರಿಲ್ಲ. ಚಿತ್ರವಿಡೀ ಮಾತಿನ ಮಲ್ಲನಾಗಿದ್ದ ಮನುಷ್ಯ ಇಲ್ಲಿ ಮೊದಲ ಸಲ ಬೇರೆಯವರ ಮಾತು ಕೇಳಿಸಿಕೊಂಡಿದ್ದಾನೆ. ಅಪ್ಪನ ಆ ಕೈ ಬೀಸುವಿಕೆಯನ್ನು ಅರವತ್ತು ವರ್ಷ ನೆನಪಿಟ್ಟುಕೊಂಡ ನಟನಿಗೆ ಈ ದೃಶ್ಯ ಎಷ್ಟು ತಟ್ಟಿರಬಹುದು ಅಂತ ನಾನು ಪ್ರತಿ ಸಲ ಯೋಚಿಸುತ್ತೇನೆ.

ಈಗ ನಿಮ್ಮ ಎರಡನೇ ಪ್ರಶ್ನೆ. ‘ದಿ ಕಾನ್ವರ್ಸೇಷನ್’ನಿಂದ ಶುರು ಮಾಡಿ. ಹೆಡ್‌ಫೋನ್ ಹಾಕಿಕೊಂಡು, ರಾತ್ರಿ, ಫೋನ್ ಬದಿಗಿಟ್ಟು ನೋಡಿ. ಅದರಲ್ಲಿ ಶಬ್ದವೇ ಕಥೆ. ಮರುದಿನ ‘ದಿ ಫ್ರೆಂಚ್ ಕನೆಕ್ಷನ್’ ಮತ್ತೊಮ್ಮೆ. ಆಮೇಲೆ ‘ಹೂಸಿಯರ್ಸ್’, ಆಮೇಲೆ ‘ದಿ ರಾಯಲ್ ಟೆನೆನ್‌ಬಾಮ್ಸ್’. 1973ರ ‘ಸ್ಕೇರ್‌ಕ್ರೋ’ ಸಿಕ್ಕರೆ ಅದನ್ನೂ ಸೇರಿಸಿಕೊಳ್ಳಿ. ಅಲ್ ಪಚಿನೋ ಜೊತೆ ಊರೂರು ಅಲೆಯುವ ಕಥೆ, ತಮ್ಮ ಚಿತ್ರಗಳಲ್ಲಿ ಹ್ಯಾಕ್‌ಮನ್ ಅವರಿಗೇ ತುಂಬಾ ಇಷ್ಟವಾದದ್ದು. ಥಿಯೇಟರಿನಲ್ಲಿ ಓಡಲಿಲ್ಲ ಅಂತ ಅವರಿಗೆ ಬೇಜಾರಿತ್ತು.

ನಟರಾಗಿ ನೋಡುವುದಾದರೆ ಒಂದು ಕೆಲಸ ಮಾಡಿ. ಒಂದು ದೃಶ್ಯವನ್ನು ಸೌಂಡ್ ಆಫ್ ಮಾಡಿ ನೋಡಿ. ಮೊದಲ ಸಲ ಹ್ಯಾಕ್‌ಮನ್ ಅವರನ್ನು ಬಿಟ್ಟು ಎದುರಿನ ನಟರನ್ನೇ ನೋಡಿ: ಅವರು ಯಾವಾಗ ಹಿಂದೆ ಸರಿಯುತ್ತಾರೆ, ಯಾವಾಗ ಬಾಗುತ್ತಾರೆ. ಎರಡನೇ ಸಲ ಅದಕ್ಕೆ ಕಾರಣವನ್ನು ಹ್ಯಾಕ್‌ಮನ್ ಮೈಯಲ್ಲಿ ಹುಡುಕಿ. ನಿಮ್ಮ ಮುಂದಿನ ನಾಟಕದ ರಿಹರ್ಸಲ್‌ನಲ್ಲಿ ದನಿ, ನಡಿಗೆ ಹುಡುಕುವ ಮೊದಲು ಎದುರು ಪಾತ್ರದಿಂದ ನಿಮ್ಮ ಪಾತ್ರಕ್ಕೆ ಏನು ಬೇಕು, ಅದಕ್ಕಾಗಿ ಎಷ್ಟು ಹತ್ತಿರ ಹೋಗುತ್ತದೆ ಅಂತ ತೀರ್ಮಾನಿಸಿಕೊಳ್ಳಿ. ದನಿ ಅದರ ಹಿಂದೆಯೇ ಬರುತ್ತದೆ.

2004ರ ‘ವೆಲ್‌ಕಮ್ ಟು ಮೂಸ್‌ಪೋರ್ಟ್’ ಅವರ ಕೊನೆಯ ಚಿತ್ರ. ಅದನ್ನು ನೋಡದಿದ್ದರೂ ನಡೆಯುತ್ತದೆ. ಆಮೇಲೆ ನ್ಯೂ ಮೆಕ್ಸಿಕೋದ ಸಾಂಟಾ ಫೆಯಲ್ಲಿ ಕಾದಂಬರಿ ಬರೆಯುತ್ತಾ, ಚಿತ್ರ ಬಿಡಿಸುತ್ತಾ ಇದ್ದರು. 2025ರ ಫೆಬ್ರವರಿಯಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಂಡರು. ಕೊನೆಯ ಕೆಲಸ ಅಂತ ಏನಾದರೂ ನೋಡುವುದಾದರೆ 2003ರ ‘ರನ್‌ಅವೇ ಜ್ಯೂರಿ’ಯ ಒಂದು ದೃಶ್ಯ ಸಾಕು. ಹಾಫ್‌ಮನ್ ಮತ್ತು ಹ್ಯಾಕ್‌ಮನ್, ಅಷ್ಟು ಹಳೆಯ ಗೆಳೆಯರು, ಅಲ್ಲಿಯವರೆಗೆ ಒಂದೇ ಒಂದು ಚಿತ್ರದಲ್ಲೂ ಜೊತೆಗೆ ನಟಿಸಿರಲಿಲ್ಲ. ಈ ಚಿತ್ರದಲ್ಲೂ ಇಬ್ಬರೂ ಎದುರುಬದುರಾಗುವ ದೃಶ್ಯ ಮೊದಲಿಗೆ ಇರಲಿಲ್ಲ, ಅವರಿಗೋಸ್ಕರ ಆಮೇಲೆ ಬರೆದು ಸೇರಿಸಿದರು. ಕೋರ್ಟಿನ ಶೌಚಾಲಯದಲ್ಲಿ ಇಬ್ಬರು ವಿರೋಧಿಗಳು ಜಗಳ ಆಡುತ್ತಾರೆ. ಅದನ್ನು ನಿಮ್ಮ ತಂಡದವರನ್ನೆಲ್ಲ ಕೂರಿಸಿಕೊಂಡು ನೋಡಿ.